ದಾರಿಖರ್ಚಿನ ಬಾಬ್ತು

ಕನ್ನಡ ವಿಭಾಗಗಳು ಹೊರತರುವ ಸಂಸ್ಮರಣ ಸಂಪುಟಗಳಲ್ಲಿ ಹಣದ ಮಾತು ಬರುವುದು ಅಪರೂಪ. ಕವಿ, ಕೃತಿ, ಶಾಸನ, ಛಂದಸ್ಸು, ಭಾಷೆ ಇವುಗಳನ್ನು ಕುರಿತು ವಿಸ್ತಾರವಾಗಿ ಬರೆಯುವ ನಾವು, ಆ ಬರಹ ಓದುಗರ ಕೈ ಸೇರಲು ಯಾರು ಎಷ್ಟು ತೆತ್ತರು ಎಂಬುದನ್ನು ಮುನ್ನುಡಿಯ ಕೊನೆಯ ಸಾಲಿನ ಕೃತಜ್ಞತೆಗೆ ಬಿಟ್ಟುಬಿಡುತ್ತೇವೆ. ವಿದ್ವತ್ತಿಗೂ ಜಮಾಖರ್ಚಿಗೂ ಸಂಬಂಧವಿಲ್ಲವೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ಲೇಖನದಲ್ಲಿ ನಾನು ಒಂದು ಚಿಕ್ಕ ಸಂಘದ ಖಾತೆಪುಸ್ತಕವನ್ನು ಕುರಿತು ಕೆಲವು ಮಾತು ಹೇಳಬೇಕೆಂದಿದ್ದೇನೆ. ಸಂಘದ ಹೆಸರು ಇಲ್ಲಿ ಮುಖ್ಯವಲ್ಲ. ನಾಲ್ಕಾರು ಅಧ್ಯಾಪಕರ ಉತ್ಸಾಹದಿಂದ ಹುಟ್ಟಿ, ಬ್ಯಾಂಕಿನ ಬಡ್ಡಿಯಿಂದ ಉಸಿರಾಡುತ್ತಿರುವ ಅಂಥ ಸಂಘಗಳು ಕನ್ನಡ ನಾಡಿನ ಹಲವು ಊರುಗಳಲ್ಲಿವೆ. ಈ ಸಂಪುಟದ ಓದುಗರಲ್ಲಿ ಅನೇಕರು ಅವುಗಳಲ್ಲಿ ಒಂದಲ್ಲ ಒಂದಕ್ಕೆ ಸದಸ್ಯರಾಗಿರಬಹುದು.

ನಮ್ಮ ಸಂಘವನ್ನು ಸ್ಥಾಪಿಸಿದವರು 1980ರ ದಶಕದ ಕೊನೆಯಲ್ಲಿ ಬೇರೆ ಬೇರೆ ಪದವಿ ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದ ಐದಾರು ಮಂದಿ ಕನ್ನಡ ಅಧ್ಯಾಪಕರು. ಸಂಶೋಧನೆಯೆಂಬುದು ಎಂ.ಎ. ಮುಗಿದ ಮೇಲೆ ಆರಂಭವಾಗತಕ್ಕದ್ದು ಎಂಬ ರೂಢಿಯನ್ನು ಅವರು ಒಪ್ಪಲಿಲ್ಲ. ಬಿ.ಎ. ಓದುವ ಹಳ್ಳಿಯ ಹುಡುಗನಿಗೆ ತನ್ನ ಊರಿನ ಕಲ್ಲು, ಒಗಟು, ಜಾತ್ರೆ, ಹೊಲದ ಹೆಸರುಗಳು ಗೊತ್ತಿರುವಷ್ಟು ನಗರದ ಪ್ರಾಧ್ಯಾಪಕನಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದನ್ನು ಕ್ರಮವಾಗಿ ವಿಚಾರಿಸಿ, ಬರೆದು, ನಾಲ್ಕು ಜನರ ಎದುರು ನಿಂತು ಸಮರ್ಥಿಸಿಕೊಳ್ಳುವ ಅಭ್ಯಾಸವೊಂದೇ ಅವನಿಗೆ ಬೇಕಾದದ್ದು ಎಂಬುದು ಅವರ ನಂಬಿಕೆ. ಆದ್ದರಿಂದ ವರ್ಷಕ್ಕೊಮ್ಮೆ, ಒಂದು ದಿನ, ಪದವಿ ವಿದ್ಯಾರ್ಥಿಗಳೇ ಪ್ರಬಂಧ ಮಂಡಿಸುವ ಸಮ್ಮೇಳನ. ಅಧ್ಯಾಪಕರಿಗೆ ಪ್ರಶ್ನೆ ಕೇಳುವ ಅಧಿಕಾರ ಮಾತ್ರ. ನಾನು ಮೊದಲ ಸಲ ವೇದಿಕೆ ಹತ್ತಿದ್ದು ಅಲ್ಲಿಯೇ, 1990ರಲ್ಲಿ, ನಮ್ಮೂರ ಕೆರೆಯ ಏರಿಯ ಮೇಲಿದ್ದ ಮೂರು ವೀರಗಲ್ಲುಗಳನ್ನು ಕುರಿತ ಎಂಟು ಪುಟಗಳ ಬರಹದೊಂದಿಗೆ.

ಆ ದಿನದ ಪ್ರಬಂಧಕ್ಕಿಂತ ಹೆಚ್ಚಾಗಿ ನನ್ನ ನೆನಪಿನಲ್ಲಿ ಉಳಿದಿರುವವರು ಸಂಘದ ಖಜಾಂಚಿಗಳು. ಅವರು ಗಣಿತದ ಅಧ್ಯಾಪಕರು. ಬಾಗಿಲ ಬಳಿ ಪುಟ್ಟ ಮೇಜು ಹಾಕಿಕೊಂಡು ಕುಳಿತು, ಬಂದ ಪ್ರತಿ ವಿದ್ಯಾರ್ಥಿಯನ್ನೂ "ಯಾವ ಊರು? ಬಸ್ಸಿಗೆ ಎಷ್ಟಾಯಿತು?" ಎಂದು ಕೇಳಿ, ಹೋಗಿಬರುವ ಖರ್ಚನ್ನು ಎಣಿಸಿ ಕೈಗಿಟ್ಟು, ರುಜು ಹಾಕಿಸಿಕೊಳ್ಳುತ್ತಿದ್ದರು. ಹೆಸರು ನೋಂದಾಯಿಸುವುದು ಆಮೇಲೆ. ಸಂಜೆ ಕೊಡುವ ಹಣವನ್ನು ಬೆಳಗ್ಗೆಯೇ ಏಕೆ ಕೊಡುತ್ತೀರೆಂದು ಯಾರೋ ಕೇಳಿದಾಗ, "ಊರಿಗೆ ಹಿಂದಿರುಗುವ ಚಾರ್ಜು ಜೇಬಿನಲ್ಲಿ ಇಲ್ಲದವನು ದಿನವೆಲ್ಲ ಅದನ್ನೇ ಯೋಚಿಸುತ್ತಿರುತ್ತಾನೆ, ಪ್ರಬಂಧವನ್ನಲ್ಲ" ಎಂದರಂತೆ. ನನಗೆ ಸಂದದ್ದು ಹದಿನೆಂಟು ರೂಪಾಯಿ.

ವಿದ್ಯಾರ್ಥಿಗಳ ವಿದ್ವತ್ಕಾರ್ಯಕ್ಕೆ ಹೀಗೆ ಆಸರೆಯಾಗುವುದು ಕನ್ನಡಕ್ಕೆ ಹೊಸದೇನಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ, ಎ.ಆರ್. ಕೃಷ್ಣಶಾಸ್ತ್ರಿಗಳ ಶ್ರಮದಿಂದ, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಒಂದು ಕಾಲೇಜಿನ ಸಂಘ ಆರಂಭಿಸಿದ ಪತ್ರಿಕೆ ಕನ್ನಡದ ಶ್ರೇಷ್ಠ ವಿದ್ವತ್ಪತ್ರಿಕೆಯಾಗಿ ಬೆಳೆದು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದದ್ದು ನಮಗೆಲ್ಲ ತಿಳಿದಿದೆ. ಜಿ.ಪಿ. ರಾಜರತ್ನಂ ಅವರು ವಿದ್ಯಾರ್ಥಿಗಳ ಬರಹಕ್ಕೆಂದೇ ‘ವಿದ್ಯಾರ್ಥಿ ವಿಚಾರ ವಿಲಾಸ’ವನ್ನು ನಡೆಸಿದರು. 1972ರಲ್ಲಿ ಆರಂಭವಾದ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ, ಚಿ. ಶ್ರೀನಿವಾಸರಾಜು ಅವರ ನೇತೃತ್ವದಲ್ಲಿ, ವಿದ್ಯಾರ್ಥಿ ಬರಹಗಾರರ ಒಂದು ತಲೆಮಾರನ್ನೇ ಕೈಹಿಡಿದು ನಡೆಸಿತು. ಅಮೆರಿಕದಲ್ಲಿ ಪದವಿಪೂರ್ವ ಸಂಶೋಧನೆ ಎಂದು ಕರೆಯುವ ಈ ಕೆಲಸಕ್ಕೆ ಅಲ್ಲಿ 1978ರಲ್ಲಿ ಒಂದು ಮಂಡಲಿ ರಚನೆಯಾಗಿ, 1987ರಲ್ಲಿ ಉತ್ತರ ಕೆರೋಲಿನಾದ ಆಶ್‌ವಿಲ್ ನಗರದಲ್ಲಿ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. ನಮ್ಮ ಸಂಘದ ಸ್ಥಾಪಕರು ಅದನ್ನು ಕೇಳಿರಲಾರರು. ಅವರ ಕಣ್ಣೆದುರು ಇದ್ದದ್ದು ಸೆಂಟ್ರಲ್ ಕಾಲೇಜಿನ ಮಾದರಿ. ಇವೆಲ್ಲವುಗಳ ಸಾಹಿತ್ಯಕ ಚರಿತ್ರೆಯನ್ನು ನಾವು ಬರೆದಿದ್ದೇವೆ. ಅವುಗಳ ಆರ್ಥಿಕ ಚರಿತ್ರೆಯನ್ನು ಬರೆಯುವ ಕೆಲಸಕ್ಕೆ ಇನ್ನೂ ಹೆಚ್ಚು ಮಂದಿ ಕೈಹಾಕಿಲ್ಲ.

ಚಿಕ್ಕ ಸಂಘವೊಂದರ ಹಣಕಾಸಿನ ರಚನೆ ಸರಳವಾದದ್ದು. ಸ್ಥಾಪಕರು ತಮ್ಮ ಸಂಬಳದಿಂದಲೂ ಬಂಧುಮಿತ್ರರಿಂದಲೂ ಕೂಡಿಸಿದ ಮೂಲಧನವೊಂದು ಬ್ಯಾಂಕಿನಲ್ಲಿ ಠೇವಣಿಯಾಗಿರುತ್ತದೆ. ಅದನ್ನು ಮುಟ್ಟುವಂತಿಲ್ಲ, ಬಡ್ಡಿಯಿಂದ ಕೆಲಸ ನಡೆಯಬೇಕು. ಅದರ ಜೊತೆಗೆ ಸದಸ್ಯತ್ವದ ಹಣ, ಪುಸ್ತಕ ಮಾರಾಟದಿಂದ ಬಂದಷ್ಟು, ಯಾರಾದರೂ ಹಿರಿಯರ ಹೆಸರಿನಲ್ಲಿ ಇಡುವ ದತ್ತಿ. ಖರ್ಚಿನ ಕಡೆ ಊಟ, ಅಚ್ಚು, ಅಂಚೆ, ದಾರಿಖರ್ಚು. ಈ ರಚನೆಯ ಬಲವೂ ದೌರ್ಬಲ್ಯವೂ ಬಡ್ಡಿಯೇ. 1990ರ ದಶಕದ ನಡುವಿನಲ್ಲಿ ದೀರ್ಘಾವಧಿ ಠೇವಣಿಗೆ ಶೇಕಡ 12ರ ಆಸುಪಾಸಿನಲ್ಲಿ ಬಡ್ಡಿ ದೊರೆಯುತ್ತಿತ್ತು. 2020-21ರ ವೇಳೆಗೆ ದೊಡ್ಡ ಬ್ಯಾಂಕುಗಳಲ್ಲಿ ಅದು ಶೇಕಡ 6ಕ್ಕಿಂತ ಕೆಳಗಿಳಿದಿತ್ತು. ಒಂದು ಲಕ್ಷ ರೂಪಾಯಿಯ ದತ್ತಿ ಒಂದು ಕಾಲಕ್ಕೆ ವರ್ಷಕ್ಕೆ 12,000 ರೂಪಾಯಿ ತರುತ್ತಿದ್ದುದು 6,000ಕ್ಕೂ ಕಡಮೆಯಾಯಿತು. ಆ ಅವಧಿಯಲ್ಲಿ ಬಸ್ಸಿನ ದರ, ಕಾಗದದ ಬೆಲೆ, ಅಕ್ಕಿಯ ಬೆಲೆ ಹಲವು ಪಟ್ಟು ಏರಿದ್ದವು. ದತ್ತಿಯ ಹೆಸರು ಫಲಕದ ಮೇಲೆ ಹೊಳೆಯುತ್ತಲೇ ಇರುತ್ತದೆ. ಒಳಗಿನ ತಿರುಳು ಮಾತ್ರ ಕರಗಿರುತ್ತದೆ.

ಸರ್ಕಾರದ ನೆರವನ್ನು ಏಕೆ ಪಡೆಯಲಿಲ್ಲ ಎಂದು ಕೇಳಬಹುದು. ಕಾಲೇಜುಗಳ ವಿಚಾರಸಂಕಿರಣಗಳಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅನುದಾನ ಇತ್ತು. ಆದರೆ 2010ರ ನಿಯಮಾವಳಿಯ ಪ್ರಕಾರ ಅಧ್ಯಾಪಕರ ಬಡ್ತಿಗೆ ಅಂಕಗಳ ಲೆಕ್ಕ ಬಂದ ಮೇಲೆ ಸಂಕಿರಣಗಳಲ್ಲಿ ಅಧ್ಯಾಪಕರು ಅಧ್ಯಾಪಕರಿಗೆ ಪ್ರಬಂಧ ಓದುವುದು ಹೆಚ್ಚಾಯಿತು. ಪದವಿ ವಿದ್ಯಾರ್ಥಿಗಳು ಕುರ್ಚಿ ತುಂಬುವ ಸಭಿಕರಾದರು. 12ನೆಯ ಪಂಚವಾರ್ಷಿಕ ಯೋಜನೆ 2017ರ ಮಾರ್ಚಿಗೆ ಮುಗಿದು ಅದರೊಡನೆ ಅನೇಕ ಯೋಜನೆಗಳೂ ಮುಗಿದವು. ಮುಂದೆ ರಾಷ್ಟ್ರೀಯ ಶಿಕ್ಷಣ ನೀತಿ ಪದವಿಯ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಸ್ಥಾನ ಕೊಟ್ಟಾಗ ನಮಗೆ ಸಂತೋಷವಾಯಿತು. ಕರ್ನಾಟಕ ಅದನ್ನು 2021-22ರಲ್ಲಿ ಜಾರಿಗೆ ತಂದಿತು. 2024ರಲ್ಲಿ ರಾಜ್ಯದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ 2022-23ರಲ್ಲಿ ಆರಂಭವಾದ ನಾಲ್ಕು ವರ್ಷದ ಪದವಿ ಮುಂದುವರಿಯಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಹಳ್ಳಿಯ ಹುಡುಗಿ ತನ್ನ ಪ್ರಬಂಧದೊಂದಿಗೆ ಬಸ್ಸು ಹತ್ತಲು ಬೇಕಾದ ಹಣ ಮಾತ್ರ ಪ್ರತಿ ವರ್ಷವೂ ಬೇಕು.

2023ರ ಡಿಸೆಂಬರ್ ತಿಂಗಳಲ್ಲಿ ಸಾಹಿತ್ಯ ಅಕಾದೆಮಿಯ ಗ್ರಂಥಾಲಯದಲ್ಲಿ ನೋಡಬೇಕಾದ ಕೆಲವು ಪುಸ್ತಕಗಳಿಗಾಗಿ ನಾನು ದೆಹಲಿಗೆ ಹೋದೆ. ಇಳಿದುಕೊಂಡದ್ದು ಲಕ್ಷ್ಮೀ ನಗರದಲ್ಲಿ, ಅಕ್ಕನ ಮನೆಯಲ್ಲಿ. ಭಾವನವರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದು ನಿವೃತ್ತರಾಗಿ ಅಲ್ಲಿಯೇ ನೆಲೆಸಿದ್ದಾರೆ. ಪೆಟ್ಟಿಗೆಯಲ್ಲಿ ನನ್ನ ಟಿಪ್ಪಣಿಗಳ ಜೊತೆಗೆ ಸಂಘದ ಖಾತೆಪುಸ್ತಕಗಳೂ ಇದ್ದವು. ಆದಾಯ ತೆರಿಗೆ ವಿನಾಯಿತಿಗಾಗಿ ಒಮ್ಮೆ ನೋಂದಾಯಿಸಿಕೊಂಡರೆ ಸಾಕೆಂಬ ಸ್ಥಿತಿ 2021ರ ಏಪ್ರಿಲ್‌ನಿಂದ ಬದಲಾಗಿ, ಐದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬ ನಿಯಮ ಬಂದಿತ್ತು. ಚಿಕ್ಕ ಸಂಸ್ಥೆಗಳಿಗೆ ಅದನ್ನು ಹತ್ತು ವರ್ಷಕ್ಕೆ ಹೆಚ್ಚಿಸಿದ್ದು 2025ರಲ್ಲಿ. ಅದಕ್ಕಾಗಿ ಹಳೆಯ ಲೆಕ್ಕಗಳನ್ನು ಒಪ್ಪವಾಗಿ ಜೋಡಿಸಿಕೊಡುವೆನೆಂದು ಅಕ್ಕನ ಮಗಳು ಒಪ್ಪಿಕೊಂಡಿದ್ದಳು. ಅವಳು ಲೆಕ್ಕಪರಿಶೋಧಕರ ಪರೀಕ್ಷೆಗೆ ಓದುತ್ತಿದ್ದವಳು.

ಲಕ್ಷ್ಮೀ ನಗರವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಯಮುನೆಯ ಪೂರ್ವ ದಂಡೆಯಲ್ಲಿ, ವಿಕಾಸ ಮಾರ್ಗದ ಅಂಚಿಗೆ ಹಬ್ಬಿರುವ ಆ ಬಡಾವಣೆ ಉತ್ತರ ಭಾರತದ ಲೆಕ್ಕಶಾಸ್ತ್ರದ ಗುರುಕುಲ. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯ ತರಬೇತಿ ಕೇಂದ್ರಗಳು ಅಲ್ಲಿ ಒಂದರ ಮೇಲೊಂದು ಕುಳಿತಿವೆ. ಗೋಡೆಗಳ ಮೇಲೆ ರ‍್ಯಾಂಕು ಪಡೆದವರ ಮುಖಗಳು. ಗಲ್ಲಿಗಳಲ್ಲಿ ನೆರಳಚ್ಚು ಅಂಗಡಿ, ಹಳೆಯ ಪುಸ್ತಕದ ಅಂಗಡಿ, ಬಾಡಿಗೆ ಕೋಣೆಗಳು. 1949ರಲ್ಲಿ ಸ್ಥಾಪನೆಯಾದ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಕೇಂದ್ರ ಕಚೇರಿ ನದಿಯ ಆಚೆ ದಡದಲ್ಲಿ, ಇಂದ್ರಪ್ರಸ್ಥ ಮಾರ್ಗದಲ್ಲಿದೆ. ಮಲಗಿದವರ ನಡುವೆ ಎಚ್ಚರವಾಗಿರುವವನು ಎಂಬ ಅರ್ಥದ ಕಠೋಪನಿಷತ್ತಿನ ಮಾತು ಆ ಸಂಸ್ಥೆಯ ಧ್ಯೇಯವಾಕ್ಯ. ರಾತ್ರಿ ಹನ್ನೆರಡಕ್ಕೂ ದೀಪ ಆರದ ಆ ಕಿಟಕಿಗಳನ್ನು ನೋಡಿದಾಗ, ಆ ಮಾತಿಗೆ ಅಕ್ಷರಾರ್ಥವೂ ಇದೆಯೆಂದು ನನಗೆ ಅನ್ನಿಸಿತು.

ಹಗಲು ನಾನು ಮೆಟ್ರೋದಲ್ಲಿ ಯಮುನೆಯನ್ನು ದಾಟಿ ಮಂಡಿ ಹೌಸಿಗೆ ಹೋಗಿ ಬರುತ್ತಿದ್ದೆ. ರಾತ್ರಿ ಊಟವಾದ ಮೇಲೆ ಖಾತೆಪುಸ್ತಕಗಳ ಓದು. ಅದೊಂದು ವಿಚಿತ್ರವಾದ ಸಹಾಧ್ಯಯನ. ದೆಹಲಿಯಲ್ಲೇ ಬೆಳೆದ ಹುಡುಗಿ ಮನೆಯಲ್ಲಿ ಕನ್ನಡ ಚೆನ್ನಾಗಿ ಆಡುತ್ತಾಳೆ, ಓದುವುದು ತಡವರಿಸುತ್ತ. ಹಳೆಯ ಖಜಾಂಚಿಗಳು ಅಂಕಿಗಳನ್ನೂ ಕನ್ನಡದಲ್ಲೇ ಬರೆದಿದ್ದರು. ಕಿರ್ದಿ, ಖತಾವಣಿ, ಬಾಬ್ತು, ಆಖೈರು ಶಿಲ್ಕು ಎಂಬ ಶಬ್ದಗಳು ಅವಳಿಗೆ ಹೊಸವು. ಅವು ಸೂಚಿಸುವ ವ್ಯವಹಾರ ನನಗೆ ಅಪರಿಚಿತ. ನಾನು ಅಕ್ಷರ ಓದಿ ಹೇಳಬೇಕು, ಅವಳು ಅದರ ಅರ್ಥ ಹೇಳಬೇಕು. ಹಸ್ತಪ್ರತಿಯೊಂದನ್ನು ಇಬ್ಬರು ವಿದ್ವಾಂಸರು ಕೂಡಿ ಸಂಪಾದಿಸುವಾಗ ನಡೆಯುವ ಕೆಲಸವೇ ಅದು.

ಮೂರನೆಯ ರಾತ್ರಿ ಅವಳು ಒಂದು ಪುಟದ ಮೇಲೆ ಬೆರಳಿಟ್ಟು ಕೇಳಿದಳು: "ಮಾಮ, ಇದೇನು ‘ಸತ್ಕಾರ’? ಊಟಕ್ಕೆ ಬೇರೆ ಬಾಬ್ತು ಇದೆಯಲ್ಲ?"

ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಂದು ವಿವರಿಸಿದೆ.

"ಯಾರಿಗೆ? ಪ್ರಬಂಧ ಓದಿದವರಿಗಾ?"

"ಅಲ್ಲ, ಉದ್ಘಾಟನೆಗೆ ಬಂದ ಅತಿಥಿಗಳಿಗೆ."

ಅವಳು ಏನೂ ಹೇಳದೆ ಒಂದು ಹಾಳೆ ತೆಗೆದುಕೊಂಡು ವರ್ಷಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿ ವರ್ಷದ ಖರ್ಚಿನ ಬಾಬ್ತುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದಳು. ಮೊದಲ ಹದಿನೈದು ವರ್ಷ ದಾರಿಖರ್ಚು ಎಲ್ಲಕ್ಕಿಂತ ಮೇಲಿತ್ತು. ಆಮೇಲೆ ಊಟ, ಅಚ್ಚು, ಅಂಚೆ. ಬಡ್ಡಿ ಇಳಿಯತೊಡಗಿದ ವರ್ಷಗಳಲ್ಲಿ ದಾರಿಖರ್ಚು ಎರಡನೆಯದಾಗಿ, ಮೂರನೆಯದಾಗಿ, ಕೊನೆಗೆ ಸತ್ಕಾರ ಮತ್ತು ಫ್ಲೆಕ್ಸ್ ಫಲಕದ ಕೆಳಗೆ ಇಳಿದಿತ್ತು. ಯಾವ ಸಭೆಯಲ್ಲೂ ಯಾರೂ ಹಾಗೆ ನಿರ್ಧರಿಸಿರಲಿಲ್ಲ. ಹಣ ಸಾಲದಾದಾಗ, ಕೇಳಲು ಬಾಯಿಲ್ಲದವನ ಬಾಬ್ತು ತಾನಾಗಿಯೇ ಮೊದಲು ಕುಗ್ಗುತ್ತದೆ. ಅತಿಥಿಗೆ ಶಾಲು ಹೊದಿಸದಿದ್ದರೆ ಸಭೆಗೆ ಗೊತ್ತಾಗುತ್ತದೆ. ಬಾರದೆ ಉಳಿದ ವಿದ್ಯಾರ್ಥಿಯ ಗೈರುಹಾಜರಿ ಯಾರಿಗೂ ಕಾಣಿಸುವುದಿಲ್ಲ.

ಕಾಣಿಸುವುದು ಖಾತೆಯಲ್ಲಿ ಮಾತ್ರ. ಹಳೆಯ ಖಜಾಂಚಿಗಳು ಪ್ರತಿ ರುಜುವಿನ ಎದುರು ಊರಿನ ಹೆಸರು ಬರೆದಿದ್ದರು. ಸ್ಥಳನಾಮಗಳ ಅಭ್ಯಾಸಿಯಾದ ನಾನು ಆ ಊರುಗಳನ್ನು ಪಟ್ಟಿ ಮಾಡುತ್ತ ಹೋದೆ. ಮೊದಮೊದಲ ವರ್ಷಗಳಲ್ಲಿ ತಾಲ್ಲೂಕು ಕೇಂದ್ರದಿಂದಲೂ ದೂರವಿದ್ದ ಹಳ್ಳಿಗಳು, ಎರಡು ಬಸ್ಸು ಬದಲಾಯಿಸಿ ಬರಬೇಕಾದ ಹೋಬಳಿಗಳು. ನಂತರದ ವರ್ಷಗಳಲ್ಲಿ ಅವು ಒಂದೊಂದಾಗಿ ಮರೆಯಾಗಿ, ಕೊನೆಯ ಪುಟಗಳಲ್ಲಿ ಉಳಿದದ್ದು ಸಮ್ಮೇಳನ ನಡೆಯುವ ನಗರ ಮತ್ತು ಅದರ ಸುತ್ತಮುತ್ತ. ಸಂಘದ ನಿಯಮಾವಳಿಯಲ್ಲಿ ‘ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಸಂಶೋಧನ ಪ್ರವೃತ್ತಿಯನ್ನು ಬೆಳೆಸುವುದು’ ಎಂಬ ಮಾತು ಹಾಗೆಯೇ ಇತ್ತು. ಸಂಸ್ಥೆಯೊಂದರ ಉದ್ದೇಶವನ್ನು ನಿಯಮಾವಳಿಯಲ್ಲಿ ಓದಬಹುದು. ಅದರ ನಡೆಯನ್ನು ಖಾತೆಪುಸ್ತಕದಲ್ಲಿಯೇ ಓದಬೇಕು.

ಆ ಹೊತ್ತಿಗೆ ಕಾರ್ಯಕಾರಿ ಸಮಿತಿಯ ಮುಂದೆ ಎರಡು ಸಲಹೆಗಳಿದ್ದವು. ವಿದ್ಯಾರ್ಥಿಗಳಿಂದ ಪ್ರವೇಶ ಶುಲ್ಕ ಪಡೆದು ಪ್ರಮಾಣಪತ್ರ ಕೊಡುವುದು ಒಂದು. ಇನ್ನೊಂದು, ಉದಾರವಾಗಿ ಕೊಡಲು ಮುಂದೆ ಬಂದಿದ್ದ ದಾನಿಯೊಬ್ಬರ ಹಣವನ್ನು ಸ್ವೀಕರಿಸುವುದು; ಅವರ ಷರತ್ತು, ಪ್ರಬಂಧಗಳ ವಿಷಯವನ್ನು ತಾವು ಸೂಚಿಸಬೇಕು, ಸಮ್ಮೇಳನಕ್ಕೆ ತಮ್ಮ ಸಂಸ್ಥೆಯ ಹೆಸರಿರಬೇಕು ಎಂದು. ಎರಡನ್ನೂ ತಳ್ಳಿಹಾಕುವುದು ಸುಲಭವಾಗಿರಲಿಲ್ಲ. ಮೂರನೆಯ ದಾರಿ, ಮೂಲಧನವನ್ನು ಮುರಿದು ನಾಲ್ಕು ವರ್ಷ ಚೆನ್ನಾಗಿ ನಡೆಸಿ ಮುಚ್ಚುವುದು.

ಇಂಥ ಪ್ರಶ್ನೆಗೆ ಉತ್ತರವನ್ನು ನಾನು ಹುಡುಕಬಲ್ಲದ್ದು ನನಗೆ ತಿಳಿದ ಶಾಸ್ತ್ರದಲ್ಲಿಯೇ. ಇಂದಿನ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಅವನ ಮಂತ್ರಿ ನಾರಾಯಣ ಪಾವಿಟ್ಟಗೆಯಲ್ಲಿ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕೆ 27 ಮನೆಗಳು, ನಿರ್ವಾಹಕ್ಕೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೆ ಪ್ರತ್ಯೇಕವಾಗಿ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ. ಊರಿನ ಹೆಸರಿನಲ್ಲೇ ಆ ಶಾಲೆ ಉಳಿದುಕೊಂಡಿದೆಯೆಂದು ವಿದ್ವಾಂಸರು ಹೇಳುತ್ತಾರೆ. ಇದನ್ನು ವಿದ್ಯಾಕೇಂದ್ರಗಳ ಚರಿತ್ರೆಗೆ ಸಾಕ್ಷಿಯೆಂದು ನಾವು ಪಾಠ ಮಾಡುತ್ತೇವೆ. ಅದನ್ನೇ ಒಂದು ಆಯವ್ಯಯ ಪತ್ರವೆಂದು ಓದಿದರೆ ಮೂರು ಸಂಗತಿಗಳು ಕಾಣುತ್ತವೆ. ಮೂಲಧನ ಕರಗದಂಥದ್ದು, ಅಂದರೆ ಭೂಮಿ. ದೀಪದ ಎಣ್ಣೆಗೆಂದು ಇಟ್ಟದ್ದು ದೀಪದ ಎಣ್ಣೆಗೇ. ಇನ್ನೊಂದು ಬಾಬ್ತಿಗೆ ಹೊರಳುವಂತಿಲ್ಲ. ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು: ಊರಿನವರು ಮದುವೆಯಾದಾಗ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಮೆ, ಹೀಗೆ ಶಾಲೆಗೆ ಸಲ್ಲಿಸಬೇಕು. ಮಂತ್ರಿಯ ಮಹಾದಾನವಿದ್ದೂ ಊರಿನ ಮನೆಮನೆಯ ಸಂತೋಷದಲ್ಲಿ ಶಾಲೆಗೊಂದು ಪಾಲು ಇಟ್ಟ ಆ ದೂರದೃಷ್ಟಿ ಸಾಮಾನ್ಯವಾದದ್ದಲ್ಲ.

ಕಲಬುರಗಿ ಜಿಲ್ಲೆಯ ನಾಗಾವಿಯ ಕ್ರಿ.ಶ. 1058ರ ಶಾಸನವೂ ಇದೇ ದೃಷ್ಟಿಯಿಂದ ಗಮನಾರ್ಹ. ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದ ಓದುವ 200 ಮತ್ತು ಶಾಸ್ತ್ರ ಓದುವ 52 ವಿದ್ಯಾರ್ಥಿಗಳಿಗೆ ವ್ಯವಸ್ಥೆಯಿತ್ತು; ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗಳಿದ್ದರು. ಗ್ರಂಥ ಕಾಯುವವನಿಗೂ ಧನ ಕಾಯುವವನಿಗೂ ನಮ್ಮ ಭಾಷೆ ಒಂದೇ ಹೆಸರು ಕೊಟ್ಟಿದೆ. ಬಸವಣ್ಣನವರೂ ಬಿಜ್ಜಳನ ಭಂಡಾರಿಗಳೇ. ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನು ರೂಢಿಯ ಮಾತೆಂದು ದಾಟಿ ಹೋಗುತ್ತೇವೆ. ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂದು ಹೇಳುವ ಆ ಭಾಗ, ಲೆಕ್ಕಪರಿಶೋಧಕರು ಇಲ್ಲದ ಕಾಲದ ಲೆಕ್ಕಪರಿಶೋಧನೆ. ಇದನ್ನು ಹೇಳಿದಾಗ ಹುಡುಗಿ ನಕ್ಕು, "ನಾವು ರುಜು ಮಾತ್ರ ಹಾಕ್ತೀವಿ ಮಾಮ, ಶಾಪ ಹಾಕೋಕೆ ನಮಗೆ ಅಧಿಕಾರ ಇಲ್ಲ" ಎಂದಳು.

ಅವಳ ಹಾಳೆಯನ್ನೂ ಸಾಲೋಟಗಿಯ ವಿವರವನ್ನೂ ಸಮಿತಿಯ ಮುಂದೆ ಇಟ್ಟೆ. ಚರ್ಚೆ ದೀರ್ಘವಾಗಿ ನಡೆಯಿತು. ಕೆಲವರಿಗೆ ಬೇಸರವೂ ಆಯಿತು. ಕೊನೆಗೆ ಒಪ್ಪಿತವಾದದ್ದು ಇಷ್ಟು. ಮೂಲಧನವನ್ನು ಮುಟ್ಟುವುದಿಲ್ಲ. ವಿದ್ಯಾರ್ಥಿಗಳಿಂದ ಶುಲ್ಕವಿಲ್ಲ. ದಾರಿಖರ್ಚು ಮೊದಲ ಬಾಬ್ತು; ಅದನ್ನು ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಊಟ, ಆಮೇಲೆ ಅಚ್ಚು. ಸತ್ಕಾರದ ಬಾಬ್ತನ್ನು ಮುಚ್ಚಿ, ಅತಿಥಿಗಳಿಗೆ ಹಿಂದಿನ ವರ್ಷದ ಪ್ರಬಂಧಗಳ ಪುಸ್ತಕವನ್ನು ಕೊಡುವುದು. ಸಮ್ಮೇಳನದಲ್ಲಿ ಹಿಂದೆ ಪ್ರಬಂಧ ಓದಿದವರಿಗೆಲ್ಲ ಒಂದು ಕಾಗದ ಬರೆಯುವುದು: ಮೊದಲ ಸಂಬಳ, ಮದುವೆ, ಮನೆಯ ಪ್ರವೇಶ, ಮಗುವಿನ ನಾಮಕರಣ, ಇಂಥ ಶುಭಕಾರ್ಯವಾದಾಗ ಒಬ್ಬ ವಿದ್ಯಾರ್ಥಿಯ ದಾರಿಖರ್ಚನ್ನು ಸಂಘಕ್ಕೆ ಕಳುಹಿಸಿರಿ ಎಂದು. ಮುಂದಿನ ಸಮ್ಮೇಳನಕ್ಕೆ ಹೀಗೆ ಬಂದ ಹಣ ದಾರಿಖರ್ಚಿಗೆ ಸಾಕಾಯಿತು, ಅಚ್ಚಿಗೆ ಸಾಲಲಿಲ್ಲ. ಆ ವರ್ಷದ ಪ್ರಬಂಧಗಳು ಇನ್ನೂ ಬೆರಳಚ್ಚಿನ ಪ್ರತಿಯಲ್ಲಿಯೇ ಇವೆ. ಎರಡು ಬಸ್ಸು ಬದಲಾಯಿಸಿ ಬಂದ ವಿದ್ಯಾರ್ಥಿಗಳ ಊರುಗಳು ಮಾತ್ರ ಖಾತೆಯಲ್ಲಿ ಮತ್ತೆ ಕಾಣಿಸಿಕೊಂಡಿವೆ.

ಆ ದಾನಿಯ ಹಣವನ್ನು ಒಲ್ಲೆವೆಂದದ್ದು ಸರಿಯೇ ಎಂದು ಕೇಳುವವರು ಈಗಲೂ ಇದ್ದಾರೆ. ಅವರ ಪ್ರಶ್ನೆಯಲ್ಲಿ ಅರ್ಥವಿಲ್ಲದಿಲ್ಲ. ಪುಸ್ತಕ ಅಚ್ಚಾಗದೆ ಉಳಿದಿರುವುದು ನಷ್ಟವೇ. ನನಗೆ ಆಗ ನೆನಪಿಗೆ ಬರುವವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಹೇಳಿದಳು. ಹೆಚ್ಚಾದ ಅಕ್ಕಿಯನ್ನು ಒಳಗೆ ಬಿಟ್ಟುಕೊಂಡರೆ ಮನೆಯ ವ್ರತವೇ ಬದಲಾಗುತ್ತದೆಂಬುದನ್ನು ಅವಳು ಬಲ್ಲವಳು. ಲಕ್ಕಮ್ಮನೆಂದರೂ ಲಕ್ಷ್ಮಿಯೇ. ಸಂಪತ್ತಿನ ಅಧಿದೇವತೆಯ ಹೆಸರು ಹೊತ್ತ ಬಡಾವಣೆಯಲ್ಲಿ ಕುಳಿತು ಲೆಕ್ಕ ನೋಡಿದಾಗ ನನಗೆ ಹೊಳೆದದ್ದು, ಚಿಕ್ಕ ಸಂಘಗಳಿಗೆ ಒಲಿಯಬೇಕಾದ ಲಕ್ಷ್ಮಿ ಇವಳೇ ಎಂದು.

ಕನ್ನಡ ವಿಭಾಗಗಳಲ್ಲಿ ಇಂದು ಓದುತ್ತಿರುವ ಸಂಶೋಧನ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿಯಿದೆ. ಪ್ರಬುದ್ಧ ಕರ್ನಾಟಕದಿಂದ ಮೊದಲುಗೊಂಡು ನಮ್ಮ ಊರೂರಿನ ಕನ್ನಡ ಸಂಘಗಳವರೆಗೆ ಕಪಾಟುಗಳಲ್ಲಿ ಉಳಿದಿರಬಹುದಾದ ಚಂದಾ ಪುಸ್ತಕ, ರಸೀದಿ, ಕಿರ್ದಿ, ಖತಾವಣಿಗಳನ್ನು ರದ್ದಿಗೆ ಹೋಗುವ ಮೊದಲು ಕೂಡಿಸಿರಿ. ತಲೆಯ ಮೇಲೆ ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಅಂಥವರ ಹೊರೆಯ ತೂಕ ಎಷ್ಟಿತ್ತೆಂಬುದನ್ನು ಇಂಥ ಪುಸ್ತಕಗಳೇ ಹೇಳಬಲ್ಲವು. ಅವುಗಳ ಅಂಚಿನಲ್ಲಿ ಬರೆದಿರುವ ಊರ ಹೆಸರುಗಳಲ್ಲಿ, ಪಾವತಿಯ ಎದುರಿನ ಎಳೆಯ ಕೈಬರಹದ ರುಜುಗಳಲ್ಲಿ, ಕನ್ನಡ ವಿದ್ವತ್ತು ಯಾವ ದಾರಿಯಲ್ಲಿ ನಡೆದು ಬಂದಿತು, ಆ ದಾರಿಯ ಖರ್ಚನ್ನು ಯಾರು ಕೊಟ್ಟರು ಎಂಬುದು ದಾಖಲಾಗಿದೆ. ಓದಬಲ್ಲವರಿಗೆ ಅದೂ ಒಂದು ಶಾಸನ.